ಕೇಸ್ ಪೇಪರಿನಲ್ಲಿ ಇಲ್ಲದ ಮಗಳು

ಮಿರಜ್
14 ನವೆಂಬರ್ 2024

ಅಪ್ಪಾ,

ಫೋನು ಮಾಡಿದರೆ "ಆರಾಮ ಅದೇನಿ, ಇಡ್ತೇನಿ" ಎಂದು ಇಟ್ಟುಬಿಡುತ್ತೀ. ಕಾಗದವನ್ನು ಹಾಗೆ ಅರ್ಧಕ್ಕೆ ಇಡಲಿಕ್ಕಾಗುವುದಿಲ್ಲ ಎಂದು ಬರೆಯುತ್ತಿದ್ದೇನೆ. ಏಳನೇ ಇಯತ್ತೆ ಕಲಿತವನು ನೀನು, ಕುರಿಗಾರರಿಗೆಲ್ಲ ಅವರವರ ಕಾಗದ ಓದಿ ಹೇಳುವವನು. ಇದನ್ನು ತಮ್ಮ ಬೀರದೇವನ ಕೈಲಿ ಓದಿಸದೆ ನೀನೇ ಓದು.

ನಿನ್ನ ಹೊಟ್ಟೆಯ ಎಡಗಡೆಯಿಂದ ತೆಗೆದ ಗುಲ್ಮದ, ಡಾಕ್ಟರರು ಸ್ಪ್ಲೀನ್ ಎನ್ನುವುದರ, ರಿಪೋರ್ಟು ನಿನ್ನೆ ಬಂತು. ಅದು ಲಿಂಫೋಮಾ. ರಕ್ತದ ಬಿಳಿ ಕಣಗಳಲ್ಲಿ ಹುಟ್ಟುವ ಒಂದು ಜಾತಿಯ ಕ್ಯಾನ್ಸರ್. ಹೆಸರು ಕೇಳಿ ಅವ್ವ ಅಳುವುದು ಬೇಡ. ಇದು ನಿಧಾನವಾಗಿ ಬೆಳೆಯುವಂಥದ್ದು, ಗುಲ್ಮದಲ್ಲೇ ಮನೆ ಮಾಡಿಕೊಂಡಿತ್ತು, ಈಗ ಆ ಮನೆಯನ್ನೇ ಕಿತ್ತು ತೆಗೆದಿದ್ದಾರೆ. ರಕ್ತ ನೋಡಿದರು, ಸ್ಕ್ಯಾನ್ ಮಾಡಿದರು, ಎಲುಬಿನೊಳಗಿನ ಮಜ್ಜೆ ತೆಗೆದು ನೋಡಿದರು, ಯಾವುದರಲ್ಲೂ ಇದು ಯಾವ ರೋಗ ಎಂಬ ಗುರುತು ಸಿಕ್ಕಿರಲಿಲ್ಲ. ರೋಗ ಯಾವುದೆಂದು ತಿಳಿಯಬೇಕಾದರೂ ಗುಲ್ಮ ತೆಗೆಯಬೇಕು, ಅದನ್ನು ಕಳೆಯಬೇಕಾದರೂ ಗುಲ್ಮ ತೆಗೆಯಬೇಕು ಎಂದು ದೊಡ್ಡ ಡಾಕ್ಟರರು ಹೇಳಿದ್ದು ಸರಿಯಾಯಿತು. ಎರಡು ಕಿಲೋ ನೂರು ಗ್ರಾಂ ತೂಗಿತಂತೆ. ಎಲ್ಲರಿಗೆ ಇರುವುದು ಇನ್ನೂರು ಗ್ರಾಮಿನ ಒಳಗೆ.

ಈಗ ಮುಖ್ಯವಾದದ್ದು. ಗುಲ್ಮ ಇಲ್ಲದ ಮೈಗೆ ಸಣ್ಣ ಜ್ವರವೂ ಸಣ್ಣದಲ್ಲ. ಆಪರೇಷನ್ನಿಗೆ ಮೊದಲು ಲಸಿಕೆ ಹಾಕಿದ್ದಾರೆ, ಆದರೂ ಬರೆದುಕೊಟ್ಟ ಗುಳಿಗೆಯನ್ನು ದಿನಕ್ಕೆ ಎರಡು ಸಲ ತಪ್ಪಿಸಬಾರದು. ಮೈ ಬಿಸಿಯಾದರೆ ನಾಳೆ ನೋಡೋಣ ಎನ್ನಬೇಡ, ಆ ತಾಸಿಗೇ ಹೊರಡಬೇಕು. ಡಿಸೆಂಬರ್ ಹತ್ತನೇ ತಾರೀಕು ಮಂಗಳವಾರ ತಪಾಸಣೆಗೆ ಬರಬೇಕು.

ನೀನು ಊರಿಗೆ ಹೊರಟುಹೋದ ದಿನ, ಬೆಳಗಿನ ರೌಂಡ್ಸ್ ಮುಗಿದ ಮೇಲೆ ಕೆಳಗಿನ ವಾರ್ಡಿನಲ್ಲಿ ನನ್ನ ಡ್ಯೂಟಿ ಇತ್ತು. ಮುಗಿಸಿ ಮೆಸ್ಸಿನಿಂದ ರೊಟ್ಟಿ ಕಟ್ಟಿಸಿಕೊಂಡು ಬಂದರೆ ನಿನ್ನ ಮಂಚದ ಮೇಲೆ ಬೇರೆ ಯಾರೋ ಮಲಗಿದ್ದರು. ಒಂದು ಮಾತು ಹೇಳಿ ಹೋಗಬಹುದಿತ್ತು. ಏನು ತಪ್ಪಾಯಿತೋ ನನಗೆ ತಿಳಿಯಲಿಲ್ಲ.

ಅನುಸೂಯಾ

ತಾಜಾಕಲಂ: ಕಾಗದ ಬರೆದರೆ ಹಾಸ್ಟೆಲಿನ ವಿಳಾಸಕ್ಕೆ ಬರಿ. ವಾರ್ಡಿನ ವಿಳಾಸಕ್ಕೆ ಬೇಡ.


ಜುಗೂಳ
24 ನವೆಂಬರ್ 2024

ಮಗಳೇ ಅನುಸೂಯಾ,

ನಿನ್ನ ಕಾಗದವನ್ನು ನಾನೇ ಓದಿದೆ, ಎರಡು ಸಲ. ನಮ್ಮ ಹಿಂಡಿನಲ್ಲಿ ಮೊನ್ನೆ ಒಂದು ಕುರಿ ಅವಳಿ ಮರಿ ಹಾಕಿತು. ಸಣ್ಣದು ಬರೋಬ್ಬರಿ ಎರಡು ಕಿಲೋ ಇರಬೇಕು. ಒಂದು ಮರಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಇಷ್ಟು ದಿನ ಕುರಿ ಕಾಯ್ದಿಯಲ್ಲ ಎಂದು ನಿಮ್ಮವ್ವ ನಕ್ಕಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. ಕ್ಯಾನ್ಸರ್ ಎಂಬ ಮಾತನ್ನು ಅವಳಿಗೆ ಓದಿ ಹೇಳಲಿಲ್ಲ. ಆದರೂ ಅವಳಿಗೆ ತಿಳಿದಿದೆ.

ಗುಳಿಗೆ ತೆಗೆದುಕೊಳ್ಳುತ್ತಿದ್ದೇನೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ, ನನಗೆ ಮಾತ್ರ ಮೊದಲಿನಿಂದಲೂ ನನ್ನ ಹಿತ್ತಲ ಗಿಡವೇ ಮದ್ದು. ನೀನು ಹೇಳಿದ್ದನ್ನು ಎಂದೂ ಮೀರಿಲ್ಲ.

ಏನು ತಪ್ಪಾಯಿತು ಎಂದು ಕೇಳಿದ್ದಿ. ಏನೂ ಇಲ್ಲ. ಅವತ್ತು ಬೆಳಿಗ್ಗೆ ದೊಡ್ಡ ಡಾಕ್ಟರರು ಕಲಿಯುವ ಹುಡುಗರನ್ನು ಕರೆದುಕೊಂಡು ಬಂದಿದ್ದರು. ನೀನೂ ಕಾಗದಗಳನ್ನು ಹಿಡಿದು ಹಿಂದೆ ನಿಂತಿದ್ದಿ. ಚಾದರ ಸರಿಸಿ ಹೊಲಿಗೆ ನೋಡಿದರು. ಹೊಲಿಗೆಯ ಪಕ್ಕದಲ್ಲಿ ನನ್ನ ಬರೆಯ ಐದು ಚುಕ್ಕೆ ಕಂಡವು. ಒಬ್ಬ ಹುಡುಗ ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡ. ಡಾಕ್ಟರರು ನನ್ನನ್ನು, "ನಿಮ್ಮ ಮನ್ಯಾಗ ಓದಿದವರು ಯಾರೂ ಇಲ್ಲೇನು?" ಎಂದು ಕೇಳಿದರು. ನಾನು "ಇಲ್ರಿ" ಎಂದೆ. ಅಷ್ಟು ಹೇಳಿ ಕಣ್ಣು ಮುಚ್ಚಿಕೊಂಡೆ.

ಅವರು ಮುಂದಿನ ಮಂಚಕ್ಕೆ ಹೋದರು. ನನಗೆ ನಿದ್ದೆ ಹತ್ತಿತೆಂದು ನೀನು ತಿಳಿದಿರಬೇಕು. ಹಿಂದೆ ಉಳಿದ ಹುಡುಗ ನಿನ್ನನ್ನು ಮರಾಠಿಯಲ್ಲಿ ಕೇಳಿದ, ಮನುಷ್ಯರಿಗೆ ಹೀಗೆ ಸುಡುತ್ತಾರಾ ಎಂದು. ನಮ್ಮ ಕಡೆಯ ಕುರಿಗಾರ ಮಂದಿ ಹೀಗೇ, ಎಷ್ಟು ಹೇಳಿದರೂ ಕೇಳುವುದಿಲ್ಲ ಎಂದು ನೀನು ಹೇಳಿದೆ. ಅವನು ನಕ್ಕ. ನೀನೂ ಸ್ವಲ್ಪ ನಕ್ಕೆ.

ನೀನು ಅಂದದ್ದರಲ್ಲಿ ಸುಳ್ಳೇನಿಲ್ಲ. ನಾವು ಹಾಗೇ ಇದ್ದೇವೆ. ಆದರೆ ಮಿರಜಿಗೆ ಇನ್ನು ಬರುವುದಿಲ್ಲ. ಮೊದಲ ದಿನ ನಿನ್ನ ಗೆಳತಿ ಕೋಮಲ ಇವರ್ಯಾರು ಎಂದಾಗ ನೀನು "ನಮ್ಮ ಊರವರು" ಎಂದೆ, ನಾನೂ ಹೌದ್ರಿ ಎಂದೆ. ಆ ಊರವನು ಪದೇ ಪದೇ ಬಂದರೆ ಜನ ಕೇಳುವುದಿಲ್ಲವೇ, ಈತನಿಗೆ ಊರಿನಲ್ಲಿ ಬೇರೆ ಕೆಲಸ ಇಲ್ಲವೇ ಎಂದು? ರಕ್ತವನ್ನು ಅಥಣಿಯಲ್ಲಿ ತಪಾಸಣೆ ಮಾಡಿಸುತ್ತೇನೆ. ನೀನು ಚಿಂತೆ ಮಾಡಬೇಡ, ವೇಳೆಗೆ ಸರಿಯಾಗಿ ಉಣ್ಣು.

ಆಶೀರ್ವಾದ.
ಅಪ್ಪ


ಮಿರಜ್
3 ಡಿಸೆಂಬರ್ 2024

ಅಪ್ಪಾ,

ನೀನು ಕೇಳಿಸಿಕೊಂಡಿದ್ದಿ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೇಳುತ್ತಿರಲಿಲ್ಲ ಎಂದು ಬರೆದೆ, ಆಮೇಲೆ ಅದು ಇನ್ನೂ ಕೆಟ್ಟ ಮಾತು ಎನ್ನಿಸಿತು. ಹೊಡೆದು ಹಾಕದೆ ಹಾಗೇ ಬಿಟ್ಟಿದ್ದೇನೆ.

ನಾಲ್ಕು ವರ್ಷದ ಹಿಂದೆ ಇಲ್ಲಿ ಸೇರಿದಾಗ ಹಾಸ್ಟೆಲಿನಲ್ಲಿ ಎಲ್ಲರೂ ಮನೆಯ ಫೋಟೋ ತೋರಿಸಿದರು. ನನ್ನ ಮೊಬೈಲಿನಲ್ಲಿ ಇದ್ದದ್ದು ಶೇಡಬಾಳದ ಜಿನ್ನಪ್ಪ ಸಾಹುಕಾರರ ದ್ರಾಕ್ಷಿ ತೋಟದ್ದು. ಅವರ ಹೊಲದಲ್ಲಿ ನಮ್ಮ ಕುರಿ ತರುಬಿದಾಗ, ಗೊಬ್ಬರಕ್ಕೆಂದು ಹಿಂಡನ್ನು ರಾತ್ರಿ ಅಲ್ಲೇ ಕೂಡಿಹಾಕುವ ದಿನಗಳಲ್ಲಿ, ಬೀರದೇವ ತೆಗೆದದ್ದು. ಚಪ್ಪರದ ಕೆಳಗೆ ನಾನು ನಿಂತಿದ್ದೇನೆ, ಹಿಂದೆ ಅವ್ವ ಕೋಲು ಹಿಡಿದು ಕುರಿ ಹೊಡೆಯುತ್ತಿದ್ದಾಳೆ. ತೋರಿಸುವ ಮೊದಲು ಬಚ್ಚಲಿಗೆ ಹೋಗಿ ಅವ್ವನನ್ನೂ ಕುರಿಗಳನ್ನೂ ಕತ್ತರಿಸಿ ತೆಗೆದೆ. ತೋಟ ನಮ್ಮದು ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ. ಅವರು ಅಂದುಕೊಂಡರು, ನಾನು ಅಲ್ಲ ಎನ್ನಲಿಲ್ಲ. ಒಂದು ಸಲ ಸುಮ್ಮನಿದ್ದದ್ದಕ್ಕೆ ನಾಲ್ಕು ವರ್ಷ ಸುಮ್ಮನಿರಬೇಕಾಯಿತು.

ಆದರೆ ಅಪ್ಪಾ, ನಿನ್ನದೂ ತಪ್ಪಿದೆ. ನರ್ಸ್ ಮಗಳನ್ನು ಇಟ್ಟುಕೊಂಡು ಬರೆ ಹಾಕಿಸಿಕೊಳ್ಳುವವರು ಯಾರಿದ್ದಾರೆ? ಆ ಐದು ಚುಕ್ಕೆ ಇಲ್ಲದಿದ್ದರೆ ನೀನು ಎಲ್ಲರಂತೆ ಒಬ್ಬ ಪೇಷಂಟ್ ಆಗಿರುತ್ತಿದ್ದೆ. ಯಾರೂ ಫೋಟೋ ತೆಗೆಯುತ್ತಿರಲಿಲ್ಲ, ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ.

ಅಥಣಿ ಬೇಡ. ನಿನ್ನ ಕಾಗದಪತ್ರವೆಲ್ಲ ಇಲ್ಲಿದೆ, ಏನು ತೆಗೆದರು ಎಂದು ಬಲ್ಲವರು ಇಲ್ಲಿದ್ದಾರೆ. ಒಂದು ಉಪಾಯ ಮಾಡಿದ್ದೇನೆ. ಹತ್ತನೇ ತಾರೀಕು ನಾನು ರಜೆ ಹಾಕಿ ಹೊರಗೆ ಹೋಗುತ್ತೇನೆ. ನೀನು ಬೀರದೇವನೊಂದಿಗೆ ಬಂದು ತೋರಿಸಿಕೊಂಡು ಹೋಗು. ನಾನೇ ಇಲ್ಲದಿದ್ದರೆ ಯಾರು ಏನು ಕೇಳುತ್ತಾರೆ? ನಿನಗೂ ಸಂಕೋಚವಿಲ್ಲ, ನನಗೂ ಇಲ್ಲ.

ದಯವಿಟ್ಟು ಬಾ.

ಅನುಸೂಯಾ


ಶೇಡಬಾಳ
18 ಡಿಸೆಂಬರ್ 2024

ಅನುಸೂಯಾ,

ಕುರಿಗಳನ್ನು ಜಿನ್ನಪ್ಪ ಸಾಹುಕಾರರ ಕಬ್ಬು ಕಡಿದ ಹೊಲದಲ್ಲಿ ತರುಬಿದ್ದೇವೆ. ಚಳಿ ಬಹಳ ಇದೆ. ಹತ್ತನೇ ತಾರೀಕು ಬರಲಾಗಲಿಲ್ಲ. ನಿನ್ನ ರಜೆಯೊಂದು ಹಾಳಾಯಿತು.

ಗುಳಿಗೆ ಮುಗಿದು ನಾಲ್ಕು ದಿನವಾಯಿತು. ಬೀರದೇವ ಪೇಟೆಗೆ ಹೋದಾಗ ತರಿಸುತ್ತೇನೆ. ನಾನು ಆರಾಮ ಇದ್ದೇನೆ, ಈಗ ಒಂದೂವರೆ ರೊಟ್ಟಿ ತಿನ್ನುತ್ತೇನೆ.

ಸಾಹುಕಾರರ ತೋಟ ಈ ಸಲ ಚೆನ್ನಾಗಿದೆ. ಫೋಟೋ ಬೇಕಾದರೆ ಬೀರದೇವನಿಗೆ ಹೇಳು, ತೆಗೆದು ಕಳಿಸುತ್ತಾನೆ. ನಾವು ಯಾರೂ ಬರದ ಹಾಗೆ ತೆಗೆಯಲು ಹೇಳುತ್ತೇನೆ.

ಅಪ್ಪ


ಜುಗೂಳ
12 ಜನವರಿ 2025

ಅನುಸೂಯಾ,

ನಿಮ್ಮವ್ವ ಹೇಳಾಕತ್ತೇನಿ, ಬೀರದೇವ ಬರ್ಯಾಕತ್ತಾನ. ನಾ ಹೇಳಿದಂಗ ಬರಿ ಅಂದೇನಿ, ಸಾಲ್ಯಾಗಿನ ಮಾತ ಹಾಕಬ್ಯಾಡ ಅಂದೇನಿ.

ನಿಮ್ಮಪ್ಪಗ ಜರಾ ಬಂದಿತ್ತು. ಎರಡ ದಿನ ಯಾರಿಗೂ ಹೇಳಲಿಲ್ಲ. ಕಂಬಳಿ ಹೊಚಗೊಂಡ ಕುರಿ ಹಿಂದನ ಅಡ್ಡಾಡಿದಾ. ಮೂರನೇ ದಿನ ಮುಂಜಾನೆ ಹೊಲದಾಗ ಬಿದ್ದಾ. ಮೈ ಮುಟ್ಟಿದ್ರ ಹಂಚ ಮುಟ್ಟಿದಂಗ ಆತು. ಬೀರದೇವ ಗಾಡಿ ತಂದಾ. ಶೇಡಬಾಳದಿಂದ ಮಿರಜ ಎಷ್ಟ ದೂರ ಐತಿ, ನಿನಗಽ ಗೊತ್ತೈತಿ. ಬೀಡಿ ಸೇದಿ ಮುಗಿಸೂದ್ರಾಗ ಮುಟ್ಟತಾರ. ಆದ್ರ ಇವಾ ಗಾಡ್ಯಾಗ ಕುಂತ, "ಹಾರೂಗೇರಿಗೆ ಹೊಡಿ, ಮಿರಜಿಗೆ ಅಂದ್ರ ಇಲ್ಲೇ ಇಳೀತೇನಿ" ಅಂದಾ. ಸಾಯೂ ಹೊತ್ತಿನ್ಯಾಗೂ ಹಠಾ. ಹಾರೂಗೇರ್ಯಾಗ ಐದ ದಿನ ಸಲಾಯಿನ ಹಚ್ಚಿದ್ರು. ಅಲ್ಲಿ ಡಾಕ್ಟರು ಹೊಟ್ಟಿ ಮ್ಯಾಲಿನ ಗಾಯಾ ನೋಡಿ ಬೀರದೇವನ್ನ ಬೈದ್ರು. ಗುಲ್ಮಾ ಇಲ್ಲದಾಂವನ್ನ ಇಷ್ಟ ತಡಾ ಮಾಡಿ ತರ್ತಾರೇನು, ಇನ್ನೊಂದ ತಾಸ ಹೋಗಿದ್ರ ನಮ್ಮ ಕೈಯಾಗ ಇರ್ತಿದ್ದಿಲ್ಲ ಅಂದ್ರು. ಈಗ ಮನ್ಯಾಗ ಅದಾನ. ಗಂಜಿ ಕುಡಿತಾನ.

ನಿನಗ ತಿಳಸಬ್ಯಾಡ ಅಂದಿದ್ದಾ. ನಾ ಯಾಕ ಸುಮ್ಮ ಇರ್ಲಿ?

ಬರಿ ಹಾಕಿಸಿಕೊಂಡಿ ಅಂತ ಅವಗ ಬರದಿದ್ದಿಯಂತ. ಅವ ಹಾಕಿಸಿಕೊಂಡಿಲ್ಲ, ನಾ ಹಾಕೇನಿ. ನೀ ಒಂಬತ್ತ ತಿಂಗಳ ಕೂಸ ಇದ್ದಿ. ಹೊಟ್ಟಿ ಉಬ್ಬಿ ಹಾಲ ಮುಟ್ಟಲಿಲ್ಲ, ಮೂರ ದಿನ ಅಳೂದೂ ಬಿಟ್ಟಿದ್ದಿ. ಆವಾಗ ನಮ್ಮ ಬೀಡ ರಾಯಬಾಗ ಕಡೆ ಇತ್ತು, ಸುತ್ತ ಯಾವ ದವಾಖಾನಿನೂ ಇದ್ದಿಲ್ಲ. ಕಂಬಳಿ ಹೊಲಿಯೂ ದಬ್ಬಳಾ ಕಾಸಿ ನಿನ್ನ ಹೊಟ್ಟಿ ಮ್ಯಾಲ ಐದ ಚುಕ್ಕಿ ಕೊಟ್ನಿ. ಮರದಿನಾ ಹಾಲ ಕುಡದಿ. ನೀ ಉಳದದ್ದು ಅದರಿಂದನ ಅಂತ ನಾ ಇವತ್ತಿನ ತನಕಾ ತಿಳಕೊಂಡೇನಿ. ಸುಳ್ಳಿದ್ರ ಇರವಲ್ಲದ್ಯಾಕ, ನನಗ ಗೊತ್ತಿದ್ದಿದ್ದು ಅಷ್ಟ.

ನಿಮ್ಮಪ್ಪ ನಿನಗ ನಾಕ ಸಲ ಫೋನ ಹಚ್ಚ್ಯಾನ. ಬಾಜೂಕ ನಾ ಕುಂತಿದ್ನಿ. ನೀ ಗ್ಯಾಸ ಅಂದಿ, ಗುಳಿಗಿ ಹೆಸರ ಹೇಳಿದಿ. ಅವ ತಿಂದಾ. ಹೊಟ್ಟ್ಯಾಗಿನ ಗಡ್ಡಿ ದೊಡ್ಡದಾಕ್ಕೋತನ ಹೋತು. ಓದಿದ ಮಗಳ ಗುಳಿಗಿ ಹತ್ತಲಿಲ್ಲಂದ್ರ ನಾ ಏನ ಮಾಡ್ಲಿ? ನಿನಗ ಹತ್ತಿದ ಮದ್ದು ಅವಗೂ ಹತ್ತತೈತಿ ಅಂತ ಅದಽ ದಬ್ಬಳಾ ಕಾಸಿದ್ನಿ. ಅವ ಒಲ್ಲೆ ಅಂದಿದ್ದಾ. ನಾ ಅತ್ನಿ ಅಂತ ಅಂಗಿ ಎತ್ತಿದಾ.

ನಗೂದಿದ್ರ ನನ್ನ ನೋಡಿ ನಗು. ಅವನ್ನ ನೋಡಿ ನಗಬ್ಯಾಡ.

ನಿಮ್ಮವ್ವ ಮಲಕವ್ವ

ಅಕ್ಕಾ, ಅವ್ವ ಹೇಳಿದ್ದರಲ್ಲಿ ಬೈಗುಳ ಮಾತ್ರ ಬಿಟ್ಟಿದ್ದೇನೆ. ಅಪ್ಪನಿಗೆ ಈಗ ಜ್ವರ ಇಲ್ಲ. ಗುಳಿಗೆ ನಾನೇ ನಿಂತು ನುಂಗಿಸುತ್ತೇನೆ. — ಬೀರದೇವ


ಮಿರಜ್
2 ಫೆಬ್ರವರಿ 2025

ಅಪ್ಪಾ,

ಅವ್ವನ ಕಾಗದ ಮುಟ್ಟಿದ ದಿನವೇ ಹೊರಟೆ. ಕಾಗವಾಡದ ಬಸ್ ಸ್ಟ್ಯಾಂಡಿನವರೆಗೆ ಬಂದೆ. ಜುಗೂಳದ ಬಸ್ಸು ಬಂತು, ಜನ ಹತ್ತಿದರು, ನಾನು ಹತ್ತಲಿಲ್ಲ. ಯಾವ ಮುಖ ಇಟ್ಟುಕೊಂಡು ನಿನ್ನ ಹಾಸಿಗೆಯ ಹತ್ತಿರ ಕೂರಬೇಕು ಎಂದು ತಿಳಿಯಲಿಲ್ಲ. ಬೀರದೇವನಿಗೆ ಫೋನು ಮಾಡಿ ಜ್ವರ ಇಲ್ಲವೆಂದು ಖಾತ್ರಿ ಮಾಡಿಕೊಂಡು ಬಂದ ದಾರಿಯಲ್ಲೇ ತಿರುಗಿದೆ. ಅದಕ್ಕಿಂತ ಮೊದಲು ಇಲ್ಲಿ ಮಾಡಬೇಕಾದ ಕೆಲಸವೊಂದಿತ್ತು.

ಆ ನಾಲ್ಕು ಫೋನುಗಳನ್ನು ನಾನು ಮರೆತಿಲ್ಲ. ಮರೆತವಳಂತೆ ಇದ್ದೆ, ಅಷ್ಟೇ. ಮಾರ್ಚ್ ತಿಂಗಳಲ್ಲಿ ನೀನು, "ಎಡಕ ಪಕ್ಕಡಿ ಎಲಬಿನ ಕೆಳಗ ಏನೋ ಕುಂತಂಗ ಆಗತೈತಿ" ಎಂದೆ. ಪಕ್ಕದಲ್ಲಿ ಕೋಮಲ ಇದ್ದಳು. ನಮ್ಮ ಮಾತು ಅವಳ ಕಿವಿಗೆ ಬೀಳಬಾರದೆಂದು ದನಿ ತಗ್ಗಿಸಿ ಗ್ಯಾಸ್ ಎಂದು ಹೇಳಿ ಮುಗಿಸಿದೆ. ಮೇ ತಿಂಗಳಲ್ಲಿ, "ಅರ್ಧಾ ರೊಟ್ಟಿಗೆ ಹೊಟ್ಟಿ ತುಂಬತೈತಿ" ಎಂದೆ. ಅಪ್ಪಾ, ಇದು ಗುಲ್ಮ ಬೆಳೆದವರು ಹೇಳುವ ಮಾತು ಎಂದು ನಮ್ಮ ಪುಸ್ತಕದಲ್ಲೇ ಇದೆ. ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕ ಪಡೆದವಳು ನಾನು. ಬೇರೆ ಯಾವ ಪೇಷಂಟ್ ಹೇಳಿದ್ದರೂ ಹೊಟ್ಟೆ ಮುಟ್ಟಿ ನೋಡದೆ ಬಿಡುತ್ತಿರಲಿಲ್ಲ. ನಿನಗೆ ಮಾತ್ರ ಗುಳಿಗೆ ಬದಲಿಸಿ ಹೇಳಿದೆ.

ಜೂನ್ ತಿಂಗಳಲ್ಲಿ ನೀನು, "ಒಮ್ಮಿ ನಿಮ್ಮ ದವಾಖಾನಿಗೇ ಬರ್ಲ್ಯಾ?" ಎಂದು ಕೇಳಿದೆ. ಇಲ್ಲಿ ಗದ್ದಲ ಬಹಳ, ಬರಬೇಡ ಎಂದೆ. ಗದ್ದಲ ಇರಲಿಲ್ಲ. ನೀನು ಕಂಬಳಿ ಹೊದ್ದು, ಹಣೆಗೆ ಅರಿಶಿನದ ಭಂಡಾರ ಹಚ್ಚಿಕೊಂಡು ಗೇಟಿನಲ್ಲಿ ನಿಂತು ನನ್ನ ಹೆಸರು ಕೇಳುವುದು ಕಣ್ಣ ಮುಂದೆ ಬಂತು. ಆಗಸ್ಟ್ ತಿಂಗಳಲ್ಲಿ ಫೋನು ಬಂದಾಗ ಎತ್ತಲೇ ಇಲ್ಲ. ನನ್ನ ಮೊಬೈಲಿನಲ್ಲಿ ನಿನ್ನ ಹೆಸರು "ಊರು" ಎಂದು ಇತ್ತು. ಊರು ಕರೆಯುತ್ತಿದೆ ಎಂದು ಎಲ್ಲರೂ ಓದಬಹುದಿತ್ತು, ಅಪ್ಪ ಕರೆಯುತ್ತಿದ್ದಾನೆ ಎಂದು ಯಾರೂ ಓದುವಂತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಬೀರದೇವ ನಿನ್ನನ್ನು ಕರೆತಂದಾಗ ಕೇಸ್ ಪೇಪರ್ ಬರೆದವಳು ನಾನು. ಸಣ್ಣ ಡಾಕ್ಟರಿಗೆ ನಮ್ಮ ಕನ್ನಡ ತಿಳಿಯದೆಂದು ನನ್ನನ್ನು ಕರೆದಿದ್ದರು. ಇದಕ್ಕೂ ಮೊದಲು ಯಾರಿಗಾದರೂ ಹೇಳಿದ್ದಿರಾ ಎಂದು ಕೇಳು ಎಂದರು. ಕೇಳಿದೆ. ನೀನು ಒಮ್ಮೆ ನನ್ನ ಮುಖ ನೋಡಿ, "ಯಾರಿಗೂ ಹೇಳಿಲ್ರಿ ಬಾಯರ" ಎಂದೆ. ಹೆತ್ತ ಮಗಳನ್ನು ನರ್ಸ್ ಬಾಯಿ ಎಂದು ಕರೆದು ರೀ ಹಚ್ಚಿ ಮಾತಾಡಿದೆ. ನಾನು ಅದನ್ನು ಹಾಗೇ ಬರೆದುಕೊಂಡೆ. "ಆರು ತಿಂಗಳು ಯಾರಿಗೂ ತಿಳಿಸಿಲ್ಲ, ಮನೆಯಲ್ಲಿ ಬರೆ ಹಾಕಿಸಿಕೊಂಡಿದ್ದಾರೆ, ಆದ್ದರಿಂದ ತಡವಾಗಿದೆ." ಪೆನ್ನು ಒಂದು ಸಲವೂ ತಡೆಯಲಿಲ್ಲ.

ಮೊನ್ನೆ ಗುರುವಾರ ಡಾಕ್ಟರರೆಲ್ಲ ಸೇರುವ ತಿಂಗಳ ಸಭೆ ಇತ್ತು. ಅಪರೂಪದ ಕೇಸುಗಳನ್ನು ಅಲ್ಲಿ ತೋರಿಸುತ್ತಾರೆ. ನಿನ್ನ ಕೇಸ್ ಇದೆ ಎಂದು ಗೊತ್ತಿತ್ತು, ಹಿಂದಿನ ಸಾಲಿನಲ್ಲಿ ಕೋಮಲನ ಪಕ್ಕ ಕೂತಿದ್ದೆ. ಗೋಡೆಯಷ್ಟು ದೊಡ್ಡದಾಗಿ ನಿನ್ನ ಹೊಟ್ಟೆಯ ಫೋಟೋ ಬಂತು. ಸಣ್ಣ ಡಾಕ್ಟರ್ ನಾನು ಬರೆದ ಸಾಲುಗಳನ್ನು ಓದಿದರು. ಯಾರೋ ಏನೋ ಅಂದರು, ಮುಂದಿನ ಸಾಲಿನಲ್ಲಿ ನಗೆ ಎದ್ದಿತು. ದೊಡ್ಡ ಡಾಕ್ಟರರು ನಗಲಿಲ್ಲ. ನಗಬೇಡಿ, ಇಂಥವರಿಗೆ ಹೇಳುವವರು ಯಾರೂ ಇರುವುದಿಲ್ಲ ಎಂದರು. ಆ ಕರುಣೆಯ ಮಾತನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

ಎದ್ದು ನಿಂತೆ. ಮರಾಠಿಯಲ್ಲಿ ಶುರು ಮಾಡಿದೆ, ಆದರೆ ಬಾಯಿಗೆ ಬಂದದ್ದು ನಮ್ಮ ಮಾತೇ. "ಸರ್, ಇವರು ನಮ್ಮಪ್ಪ. ಇವರು ತಡಾ ಮಾಡಿಲ್ರಿ. ಮಾರ್ಚದಾಗನ ನನಗ ಹೇಳ್ಯಾರ, ನಾಕ ಸಲ ಫೋನ ಹಚ್ಚ್ಯಾರ. ತಡಾ ಮಾಡಿದಾಕಿ ನಾನು. ಆ ಪೇಪರದಾಗ ಸುಳ್ಳ ಬರದಾಕಿನೂ ನಾನ್ರಿ." ಮತ್ತೆ ಹೇಳಿದೆ, "ಬರಿ ಹಾಕೂದು ತಪ್ಪು, ಹೌದ್ರಿ. ಆದ್ರ ಅವೇ ಐದ ಚುಕ್ಕಿ ನನ್ನ ಹೊಟ್ಟಿ ಮ್ಯಾಲೂ ಅದಾವು. ಹಾಕಿದಾಕಿ ನಮ್ಮವ್ವ. ನಗೂದಿದ್ರ ನನ್ನ ನೋಡಿ ನಗ್ರಿ."

ದೊಡ್ಡ ಡಾಕ್ಟರರು ಗೋಡೆಯ ಮೇಲಿನ ಫೋಟೋ ಬಂದ್ ಮಾಡಿಸಿದರು. ಸಭೆ ಮುಗಿದ ಮೇಲೆ ನನ್ನನ್ನು ಕರೆದು ಕೇಸ್ ಪೇಪರ್ ಮುಂದೆ ಇಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹಳೆಯದು ಕಾಣುವ ಹಾಗೆ ಒಂದೇ ಗೆರೆ ಎಳಿ, ಕೆಳಗೆ ನಿಜ ಬರಿ, ಸಹಿ ಹಾಕು" ಎಂದರು. "ಈ ಆಸ್ಪತ್ರೆಯಲ್ಲೇ ನರ್ಸ್ ಆಗಿರುವ ಮಗಳಿಗೆ ಆರು ತಿಂಗಳ ಮೊದಲೇ ತಿಳಿಸಿದ್ದರು" ಎಂದು ಬರೆದೆ. ಮೇಟ್ರನ್ ಬಾಯಿ ಲಿಖಿತ ಉತ್ತರ ಕೇಳಿದ್ದಾರೆ. ಕೊಟ್ಟಿದ್ದೇನೆ. ಏನಾಗುತ್ತದೋ ಗೊತ್ತಿಲ್ಲ. ಕೋಮಲ ಎರಡು ದಿನ ಮಾತು ಬಿಟ್ಟಿದ್ದಳು. ಮೂರನೇ ದಿನ, "ಹಾಗಾದರೆ ಆ ತೋಟ ಯಾರದು?" ಎಂದು ಮಾತ್ರ ಕೇಳಿದಳು. ಅದನ್ನೂ ಹೇಳಿದೆ.

ಮನಸ್ಸು ಹಗುರಾಯಿತು ಎಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ಕಾರಿಡಾರಿನಲ್ಲಿ ನಡೆಯುವಾಗ ತಲೆ ಎತ್ತಲಿಕ್ಕಾಗುವುದಿಲ್ಲ. ಮೊದಲು ನಿನ್ನಿಂದಾಗಿ ನಾಚಿಕೆ ಎಂದು ತಿಳಿದಿದ್ದೆ. ಈಗ ನಾಚಿಕೆ ನನ್ನದೇ, ಯಾರ ಮೇಲೂ ಹಾಕುವಂತಿಲ್ಲ.

ಫೆಬ್ರವರಿ ಹದಿನೆಂಟು, ಮಂಗಳವಾರ, ತಪಾಸಣೆ ಇದೆ. ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ, ಅದು ನಿನಗೆ ಬಿಟ್ಟದ್ದು. ಆದರೆ ನನ್ನ ಮೇಲಿನ ಬೇಸರಕ್ಕೆ ನಿನ್ನ ಜೀವ ಹೋಗಬಾರದು. ಬಾ. ಈ ಸಲ ರಜೆ ಹಾಕಿಲ್ಲ. ಕಾಗದ ಬರೆಯುವುದಾದರೆ ವಾರ್ಡಿನ ವಿಳಾಸಕ್ಕೇ ಬರಿ.

ನಿನ್ನ ಮಗಳು
ಅನುಸೂಯಾ ಭರಮು


ಜುಗೂಳ
11 ಫೆಬ್ರವರಿ 2025

ಮಗಳೇ ಅನುಸೂಯಾ,

ಈ ಕಾಗದ ವಾರ್ಡಿಗೆ ಬರುತ್ತದೆ. ಯಾರು ಒಡೆದು ಓದಿದರೂ ಓದಲಿ.

ನೀನು ಅಷ್ಟು ಜನರ ಮುಂದೆ ಎದ್ದು ನಿಂತದ್ದನ್ನು ಓದಿ ಸಂತೋಷವಾಗಬೇಕಿತ್ತು. ನನಗೆ ನಾಚಿಕೆಯಾಯಿತು. ಎಲ್ಲವನ್ನೂ ನಿನ್ನ ತಲೆಯ ಮೇಲೆ ಹಾಕಿಕೊಂಡಿದ್ದಿ, ಅದರಲ್ಲಿ ನನ್ನ ಪಾಲೂ ಇದೆ. ಜೂನಿನಲ್ಲಿ ನೀನು ಬರಬೇಡ ಎಂದಾಗ ಯಾಕೆ ಎಂದು ನನಗೆ ಆಗಲೇ ತಿಳಿದಿತ್ತು. ತಿಳಿದೂ ಬರಬಹುದಿತ್ತು. ಬೇರೆ ದವಾಖಾನೆಗಳೂ ಇದ್ದವು, ಚಿಕ್ಕೋಡಿಗೆ ಹೋಗಬಹುದಿತ್ತು. ಹೋಗಲಿಲ್ಲ. ಮಗಳು ಬೇಡ ಎಂದಳಲ್ಲ, ಹೊಟ್ಟೆ ಒಡೆದು ಸತ್ತರೆ ಆಗ ತಿಳಿಯಲಿ ಎಂದು ಕೂತೆ. ಯಾರಿಗೂ ಹೇಳದ ಮಾತು ಇದು, ನಿಮ್ಮವ್ವನಿಗೂ ಹೇಳಿಲ್ಲ. ಹಾರೂಗೇರಿಗೆ ಗಾಡಿ ತಿರುಗಿಸಿದ್ದೂ ಅದೇ ಸಿಟ್ಟಿಗೆ. ನಿನಗೆ ಮುಜುಗರವಾಗಬಾರದೆಂದು ಎಲ್ಲರಿಗೆ ಹೇಳಿದೆ. ಒಳಗೆ ಇದ್ದದ್ದು ಬೇರೆ. ಅರವತ್ತು ವರ್ಷದ ಮುದುಕ ಮಕ್ಕಳ ಹಾಗೆ ಮುನಿಸಿಕೊಂಡು ಸಾಯಲು ಹೊರಟಿದ್ದೆ. ನಿನ್ನ ಕೇಸ್ ಪೇಪರಿನಲ್ಲಿ ಇದಕ್ಕೆ ಜಾಗ ಇದ್ದರೆ ಇದನ್ನೂ ಬರಿ.

ಕಾಗದವನ್ನು ನಿಮ್ಮವ್ವನಿಗೆ ಓದಿ ಹೇಳಿದೆ. ನಗೂದಿದ್ರ ನನ್ನ ನೋಡಿ ನಗ್ರಿ ಎಂದದ್ದು ಬಂದಾಗ ಎದ್ದು ಒಲೆಯ ಹತ್ತಿರ ಹೋದಳು. ಮೊನ್ನೆ ಪಕ್ಕದ ಬೀಡಿನ ಅಕ್ಕುತಾಯಿ ಮೊಮ್ಮಗಳನ್ನು ಎತ್ತಿಕೊಂಡು ಬಂದಿದ್ದಳು, ಹೊಟ್ಟೆ ಉಬ್ಬಿದೆ, ಒಂದು ಚುಕ್ಕಿ ಕೊಡು ಎಂದು. ನಿಮ್ಮವ್ವ, "ದಬ್ಬಳಾ ಈಗ ಕಂಬಳಿಗಷ್ಟಽ, ನಡಿ ದವಾಖಾನಿಗೆ" ಎಂದು ತಾನೇ ಕಾಗವಾಡಕ್ಕೆ ಕರೆದುಕೊಂಡು ಹೋದಳು. ಸಂಜೆ ಬಂದು ದಬ್ಬಳಕ್ಕೆ ದಾರ ಪೋಣಿಸಿ ಹರಿದ ಕಂಬಳಿ ಹೊಲಿಯುತ್ತ ಕೂತಳು. ನಿನ್ನ ಹೊಟ್ಟೆಯ ಚುಕ್ಕೆಗಳನ್ನು ನೆನೆಸಿಕೊಂಡಿರಬೇಕು.

ನೀನು ಹೇಳಿದ್ದ ಗ್ಯಾಸಿನ ಗುಳಿಗೆ ಇನ್ನೂ ನಾಲ್ಕು ಉಳಿದಿವೆ. ಮಗಳು ಹೇಳಿದ್ದು ಎಂದು ಎಸೆಯಲು ಮನಸ್ಸಾಗಿರಲಿಲ್ಲ. ಬರುವಾಗ ತರುತ್ತೇನೆ. ನಿನಗೆ ಎಂದಾದರೂ ಹೊಟ್ಟೆ ಉಬ್ಬಿದರೆ ತಿನ್ನು, ಆದರೆ ಡಾಕ್ಟರರಿಗೆ ತೋರಿಸಿ ತಿನ್ನು.

ಹೌದು, ಬರುತ್ತೇನೆ. ಚಳಿ ಇರುವುದರಿಂದ ಕಂಬಳಿ ಹೊದ್ದೇ ಬರುತ್ತೇನೆ. ನಿಮ್ಮವ್ವನೂ ಬರುತ್ತಾಳೆ, ಭಂಡಾರ ಹಚ್ಚದೆ ನನ್ನನ್ನು ಹೊರಡಿಸುವುದಿಲ್ಲ. ದೊಡ್ಡ ಡಾಕ್ಟರರು ಈ ಸಲ ಏನನ್ನೂ ಕೇಳಲಿಕ್ಕಿಲ್ಲ. ಅವರು ಕೇಳದಿದ್ದರೂ ನಾನೇ ಹೇಳುವವನಿದ್ದೇನೆ. ಬಸ್ಸಿನಲ್ಲಿ ಮರೆಯಬಾರದೆಂದು ಇಲ್ಲೇ ಬರೆದಿಡುತ್ತೇನೆ: "ಅವತ್ತ ನೀವು ಕೇಳಿದ್ರಿ, ಮನ್ಯಾಗ ಓದಿದವರು ಯಾರೂ ಇಲ್ಲೇನು ಅಂತ. ನಾ ಸುಳ್ಳ ಹೇಳಿದ್ನಿ ಸಾಹೇಬ್ರ. ಒಬ್ಬಾಕಿ ಅದಾಳ್ರಿ."

ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇವೆ. ಗೇಟಿನ ಹತ್ತಿರ ನಿಂತಿರು.

ನಿಮ್ಮಪ್ಪ
ಭರಮು